ಆ ಮನೆಯ ವೀಡಿಯೋ ಇಲ್ಲಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಗುಂಪಿಗೆ ಬಂದ ವೀಡಿಯೋವನ್ನು ನಾನೇ ಅಳಿಸಿದ್ದೇನೆ. ಮೀನುಗಾರಿಕೆ ದೋಣಿ ಮಗುಚಿದೆ, ಅದರಲ್ಲಿ ಹೋದ ಮನೆಯವರು ಇನ್ನೂ ಸಿಕ್ಕಿಲ್ಲ, ಅಂಥ ಹೊತ್ತಲ್ಲಿ ಚಾನೆಲ್‌ನವರು ಅಂಗಳ ದಾಟಿ ಒಳಗೆ ನುಗ್ಗಿ, ಅಳುತ್ತಿದ್ದ ಅಕ್ಕನ ಬಾಯಿಗೆ ಮೈಕ್ ಹಿಡಿದು ‘ಈಗ ಏನನ್ನಿಸ್ತಿದೆ’ ಎಂದು ಕೇಳಿದ್ದಾರೆ. ಏನನ್ನಿಸಬೇಕು ಹೇಳಿ? ಚಿಕ್ಕ ಹುಡುಗಿಯನ್ನೂ ಬಿಡಲಿಲ್ಲ. ನೋಡಿ ಹೊಟ್ಟೆ ಉರಿಯಿತು.

2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ? ಆಗ ಕಾಣೆಯಾದ ಕೇರಳದ ಚಾಲಕನ ಲಾರಿ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳಿಗೂ ಜಾಸ್ತಿ ಆ ಮನೆಯವರು ಕಾದರು, ಅದೂ ಕ್ಯಾಮೆರಾಗಳ ಮುಂದೆ. ಹುಡುಕಾಟದ ಸುದ್ದಿ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಹುಡುಕಾಟದ ಸುದ್ದಿಯೇ ಬೇರೆ, ಮನೆಯೊಳಗಿನ ಅಳುವೇ ಬೇರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಆ ಹಕ್ಕು ನಮ್ಮ ಕಾರವಾರದ ಮೀನುಗಾರರ ಮನೆಗೂ ಇದೆ.

ಹಾಗಾಗಿ ಅವರ ಮುಖ, ಮನೆ, ಫೋನ್ ನಂಬರ್ ಯಾವುದನ್ನೂ ಹಾಕಬೇಡಿ, ಬೇರೆ ಗುಂಪಿಗೂ ಕಳಿಸಬೇಡಿ. ಮಗುವಿನ ಫೋಟೋ ಯಾರ ಮೊಬೈಲಿನಲ್ಲಿದ್ದರೂ ಈಗಲೇ ಅಳಿಸಿ. ಯಾರಾದರೂ ಕ್ಯಾಮೆರಾ ಹಿಡಿದು ಬಂದು ದಾರಿ ಕೇಳಿದರೆ ಸುಮ್ನೆ ತೋರಿಸಿ ಕಳಿಸಬೇಡಿ, ಮೊದಲು ಅಕ್ಕನ ಅಣ್ಣನನ್ನು ಕೇಳಿ. ದೋಣಿಯ ಬಗ್ಗೆ ಕರಾವಳಿ ಕಾವಲು ಪೊಲೀಸರು ಹೇಳಿದ್ದನ್ನಷ್ಟೇ ಹಾಕಿ.

ನಾಳೆ ಬೆಳಿಗ್ಗೆಯ ಗಂಜಿ ನಮ್ಮ ಮನೆಯಿಂದ ಹೋಗುತ್ತದೆ. ಮಧ್ಯಾಹ್ನದ ಊಟ ಯಾರು ಕೊಡುತ್ತೀರಿ, ಇಲ್ಲೇ ತಿಳಿಸಿ.