ಊಟಿ ಕೆರೆಗಳ ಒಂದು ದಿನದ ಪ್ರವಾಸ: ದಾರಿ ಮತ್ತು ದರ ಯಾಕೆ ಬದಲಾಯಿತು

ನಮ್ಮ ಗಾಡಿಯಲ್ಲಿ ಊಟಿಗೆ ಬಂದವರಿಗೆ, ಬರಬೇಕು ಅಂತ ಸೀಟು ಹಿಡಿದವರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮೈಸೂರಿನಿಂದ ಹೊರಡುವ ಕೆರೆಗಳ ಪ್ರವಾಸದಲ್ಲಿ ಮುಂದಿನ ತಿಂಗಳಿಂದ ಅವಲಾಂಚ್ ಕೆರೆ ಇರುವುದಿಲ್ಲ. ಪೈಕಾರ, ಕಾಮರಾಜ ಸಾಗರ, ಊಟಿ ಕೆರೆ, ಈ ಮೂರೇ. ಹೋಗುವುದೂ ಬರುವುದೂ ಗೂಡಲೂರು ಮೇಲೆ. ಸೀಟಿಗೆ 1,450 ಇದ್ದದ್ದು 1,700 ರೂಪಾಯಿ ಆಗುತ್ತದೆ. ಅವಲಾಂಚ್ ನೋಡಲೆಂದೇ ಕಾದಿದ್ದವರಿಗೆ ಬೇಸರವಾಗಿದೆ, ನಮಗೆ ಗೊತ್ತು. ದಯವಿಟ್ಟು ಕ್ಷಮಿಸಿ. ಆದರೆ ಕಾರಣವನ್ನು ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡಿ.

ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. 2009ರಿಂದ ಹೀಗೇ ಇದೆ. ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದು ಅಂತ ಮಾಡಿದ ನಿಯಮ ಅದು, ಅದರ ಬಗ್ಗೆ ನಮಗೆ ಒಂದು ಚೂರೂ ತಕರಾರಿಲ್ಲ. ಆದರೆ ಒಂದು ದಿನದ ಪ್ರವಾಸ ಅಂದರೆ ಈ 15 ಗಂಟೆಯೊಳಗೇ ಕಾಡು ದಾಟಿ, ಘಟ್ಟ ಹತ್ತಿ, ಕೆರೆ ನೋಡಿ, ಊಟ ಮಾಡಿ, ಘಟ್ಟ ಇಳಿದು, ಮತ್ತೆ ಕಾಡು ದಾಟಬೇಕು. ಅವಲಾಂಚ್ ಇರುವುದು ಊಟಿಯಿಂದ ಆಚೆ 25 ಕಿಲೋಮೀಟರ್‌ಗೂ ಜಾಸ್ತಿ ದೂರದಲ್ಲಿ, ಅದೂ ನಾವು ವಾಪಸ್ ಬರಬೇಕಾದ ದಾರಿಗೆ ಪೂರ್ತಿ ವಿರುದ್ಧ ದಿಕ್ಕಿಗೆ. ಅಲ್ಲಿ ನಮ್ಮ ಗಾಡಿಯನ್ನು ಒಳಗೆ ಬಿಡುವುದಿಲ್ಲ, ಅರಣ್ಯ ಇಲಾಖೆಯ ಗಾಡಿಗೆ ಕ್ಯೂ ನಿಲ್ಲಬೇಕು. ಭಾನುವಾರ ಆ ಕ್ಯೂ ನೋಡಿದವರಿಗೆ ಹೇಳಬೇಕಾಗಿಲ್ಲ. ಮಳೆಗಾಲದ್ದು ಇನ್ನೊಂದು ಕಥೆ. 2019ರ ಆಗಸ್ಟ್‌ನಲ್ಲಿ ಅವಲಾಂಚ್‌ನಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಬಿದ್ದಿತ್ತು. ಜೋರು ಮಳೆಯ ಮುನ್ಸೂಚನೆ ಬಂದರೆ ಅಲ್ಲಿ ಪ್ರವಾಸಿಗರಿಗೆ ಪ್ರವೇಶ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಅಷ್ಟು ದೂರ ಕರೆದುಕೊಂಡು ಹೋಗಿ ಗೇಟಿನಿಂದ ತಿರುಗಿಸಿಕೊಂಡು ಬರುವುದು ನಮಗೆ ಇಷ್ಟವಿಲ್ಲ. ಅದು ಎಷ್ಟು ಚೆಂದದ ಜಾಗ ಅಂದರೆ ಅರ್ಧ ಗಂಟೆ ಇಣುಕಿ ಓಡಿ ಬರುವಂಥದ್ದಲ್ಲ. ಹಾಗಾಗಿ ಅವಲಾಂಚ್ ಮತ್ತು ಅದರ ಹತ್ತಿರದ ಎಮರಾಲ್ಡ್ ಕೆರೆ ಎರಡನ್ನೂ ಎರಡು ದಿನದ ಪ್ರವಾಸಕ್ಕೆ ಸೇರಿಸಿದ್ದೇವೆ.

ಈಗ ಎಲ್ಲರೂ ಕೇಳುವ ಮಾತು. ಫೋನ್‌ನಲ್ಲಿ, ವಾಟ್ಸಾಪ್‌ನಲ್ಲಿ, ಗಾಡಿ ಹತ್ತುವಾಗಲೂ ಇದೇ: 'ಮಸಿನಗುಡಿ ದಾರಿ ಹತ್ತಿರ ಅಲ್ವಾ? ನೀವು ಸುಮ್ನೆ ಗೂಡಲೂರು ಸುತ್ತಿಸಿ ದುಡ್ಡು ಜಾಸ್ತಿ ಮಾಡ್ತಿದೀರಾ.'

ಹತ್ತಿರ ಹೌದು. ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ ಮಸಿನಗುಡಿ, ಕಲ್ಲಟ್ಟಿ ಮೇಲೆ ಹತ್ತಿದರೆ ಸುಮಾರು 30 ಕಿಲೋಮೀಟರ್ ಉಳಿಯುತ್ತದೆ. ಆದರೆ ನಾವು ನಿಮ್ಮಿಂದ ತೆಗೆದುಕೊಳ್ಳುವುದು ಸೀಟಿನ ಲೆಕ್ಕ, ಕಿಲೋಮೀಟರ್ ಲೆಕ್ಕ ಅಲ್ಲ. ಸುತ್ತು ದಾರಿಯ ಡೀಸೆಲ್ ಹೋಗುವುದು ನಮ್ಮ ಜೇಬಿನಿಂದ. ಇದರಲ್ಲಿ ನಮಗೆ ಲಾಭ ಎಲ್ಲಿಂದ ಬರಬೇಕು ಹೇಳಿ. ಕಲ್ಲಟ್ಟಿ ಘಟ್ಟದಲ್ಲಿ 36 ತಿರುವುಗಳಿವೆ, ಏರು ಬಹಳ ಕಡಿದು. ಸೀಟು ತುಂಬಿದ ಟೆಂಪೋ ಟ್ರಾವೆಲರ್ ಅಲ್ಲಿ ಫಸ್ಟ್ ಗೇರಿನಲ್ಲಿ ಏದುಸಿರು ಬಿಟ್ಟುಕೊಂಡು ಹತ್ತುತ್ತದೆ. ಇಳಿಯುವುದಂತೂ ಆಗದ ಮಾತು. ಅಲ್ಲಿ ಬ್ರೇಕ್ ಕಾದು ಎಷ್ಟೋ ಅಪಘಾತಗಳಾಗಿವೆ, ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಕೆಳಗೆ ಬಿಡುವುದೂ ಇಲ್ಲ. ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಕಲ್ಲಟ್ಟಿ ಹತ್ತಿದರೆ ನಾವು ಬಂದು ಸೇರುವುದು ಊಟಿ ಹತ್ತಿರದ ತಲೈಕುಂದಕ್ಕೆ. ಪೈಕಾರ ಇರುವುದು ಅಲ್ಲಿಂದ ಹಿಂದಕ್ಕೆ, ಗೂಡಲೂರು ರಸ್ತೆಯಲ್ಲಿ. ಅಂದರೆ ಉಳಿಸಿದ ದೂರವನ್ನು ಪೈಕಾರಕ್ಕೆ ಹೋಗಿ ಬರುವುದರಲ್ಲೇ ಕಳೆಯಬೇಕು. ಗೂಡಲೂರು ಮೇಲೆ ಬಂದರೆ ನಡುವಟ್ಟಂ ಚಹಾ ತೋಟ ದಾಟಿದ ಮೇಲೆ ಮೊದಲು ಪೈಕಾರ, ಆಮೇಲೆ ಕಾಮರಾಜ ಸಾಗರ, ಕೊನೆಗೆ ಊಟಿ, ಎಲ್ಲ ಒಂದೇ ರಸ್ತೆಯಲ್ಲಿ ಸಾಲಾಗಿ ಸಿಗುತ್ತವೆ. ಬೆಳಿಗ್ಗೆ ಬೋಟ್ ಟಿಕೆಟ್‌ಗೆ ಜನ ಸೇರುವ ಮೊದಲೇ ಪೈಕಾರದಲ್ಲಿ ಇರಬಹುದು. ಈಗಾಗಲೇ ಗೂಡಲೂರು ದಾರಿಯಲ್ಲಿ ಬಂದವರು ಈ ಸಲ ನೀರಿನ ಹತ್ತಿರ ಕೂರೋಕೆ ಟೈಮ್ ಸಿಕ್ಕಿತು ಅಂತ ಹೇಳಿ ಹೋಗಿದ್ದಾರೆ. ನಮಗೆ ಬೇಕಾಗಿದ್ದು ಅದೇ.

ಇನ್ನು ದರ. 'ಇ-ಪಾಸ್‌ಗೆ ದುಡ್ಡೇ ಇಲ್ಲವಲ್ಲ, ಮತ್ತೆ ಯಾಕೆ ಏರಿಸಿದಿರಿ' ಅನ್ನುತ್ತಾರೆ. ಇ-ಪಾಸ್ ಅಂದರೆ ಹೊರಗಿನ ಗಾಡಿ ಊಟಿಗೆ ಹೋಗಲು ಆನ್‌ಲೈನ್‌ನಲ್ಲಿ ಪಡೆಯಬೇಕಾದ ಅನುಮತಿ. ಪಾಸ್ ಉಚಿತ, ನಿಜ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ 7ರಿಂದ ಅದು ಬಂತು. 2025ರ ಬೇಸಿಗೆಯಲ್ಲಿ ಮಿತಿಯೂ ಬಂತು: ವಾರದ ದಿನಗಳಲ್ಲಿ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000. ಬೇಸಿಗೆ ರಜೆಯ ಶನಿವಾರ ಪಾಸ್ ಸಿಗದಿದ್ದರೆ ನಿಮ್ಮ ದುಡ್ಡು ನಿಮಗೆ ವಾಪಸ್ ಕೊಡುತ್ತೇವೆ, ಆದರೆ ಶೆಡ್ಡಿನಲ್ಲಿ ನಿಂತ ಗಾಡಿಯ ಸಾಲದ ಕಂತನ್ನು ಬ್ಯಾಂಕಿನವರು ಬಿಡುವುದಿಲ್ಲ. ಡೀಸೆಲ್ ಮೇಲಿನ ರಾಜ್ಯದ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿತು. ಆ ಎರಡೂ ಸಲ ನಾವು ದರ ಮುಟ್ಟಲಿಲ್ಲ. ಘಟ್ಟದ ಓಡಾಟಕ್ಕೆ ಬ್ರೇಕ್ ಲೈನರ್, ಕ್ಲಚ್ ಪ್ಲೇಟು, ಟೈರು ಬೇಗ ಸವೆಯುತ್ತವೆ, ಅವನ್ನು ಇನ್ನೂ ಒಂದು ಟ್ರಿಪ್ ಎಳೆಯೋಣ ಅಂತ ನಾವು ಯಾವತ್ತೂ ಮಾಡಿಲ್ಲ, ಮಾಡುವುದೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಎರಡನೇ ಡ್ರೈವರ್‌ದು. ಬೆಳಿಗ್ಗೆ 4:30ಕ್ಕೆ ಹೊರಟು ರಾತ್ರಿ ಮೈಸೂರು ಮುಟ್ಟುವವರೆಗೆ ಒಬ್ಬರೇ ಸ್ಟೀರಿಂಗ್ ಹಿಡಿಯುವುದು ಬೇಡ ಅಂತ ಈಗ ಪ್ರತಿ ಗಾಡಿಗೂ ಇಬ್ಬರನ್ನು ಕಳಿಸುತ್ತಿದ್ದೇವೆ. ಇಬ್ಬರಿಗೂ ಸಂಬಳ, ಬಾಟಾ, ಊಟ. ಇದೇ ಪ್ರವಾಸವನ್ನು ಕಮ್ಮಿಗೆ ಕರೆದುಕೊಂಡು ಹೋಗುವವರು ಇದ್ದಾರೆ. ಅವರ ಹತ್ತಿರ ಒಂದೇ ಮಾತು ಕೇಳಿ: ಸಂಜೆ ಮಂಜಿನಲ್ಲಿ ಘಟ್ಟ ಇಳಿಸುವವರು ಬೆಳಗಿನಿಂದ ಓಡಿಸಿದವರೇನಾ? ದರ ಹೆಚ್ಚಾಯಿತು ಅಂತ ನೀವು ಬೇಜಾರಾದರೆ ಅರ್ಥವಾಗುತ್ತದೆ. ಆದರೆ 'ಲೂಟಿ' ಅನ್ನುವ ಮಾತು ಕೇಳಿದಾಗ ನಿಜಕ್ಕೂ ನೋವಾಯಿತು.

ಈಗಾಗಲೇ ಹಳೇ ದರಕ್ಕೆ ಸೀಟು ಹಿಡಿದವರು ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಾಗಿಲ್ಲ. ಅವಲಾಂಚ್ ಇಲ್ಲದಿದ್ದರೆ ಬೇಡ ಅನ್ನುವವರಿಗೆ ಪೂರ್ತಿ ಹಣ ವಾಪಸ್, ಕಾರಣ ಕೇಳುವುದಿಲ್ಲ. ಎರಡು ದಿನದ ಪ್ರವಾಸಕ್ಕೆ ಬರುತ್ತೀರಾದರೆ ಆ ಹಣವನ್ನು ಅಲ್ಲಿಗೆ ಜಮಾ ಮಾಡುತ್ತೇವೆ.

ಹೊರಡುವವರಿಗೆ ಇಷ್ಟು ನೆನಪಿರಲಿ. ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಕಂಡರೆ ತೆಗೆದುಕೊಂಡುಬಿಡುತ್ತಾರೆ, ಮನೆಯಿಂದ ಸ್ಟೀಲ್ ಬಾಟಲಿ ತನ್ನಿ, ನೀರಿನ ಕ್ಯಾನ್ ಗಾಡಿಯಲ್ಲಿ ಇರುತ್ತದೆ. ಏಪ್ರಿಲ್ ಆದರೂ ಸ್ವೆಟರ್ ಇರಲಿ. 4:30 ಅಂದರೆ 4:30ಕ್ಕೇ ಗಾಡಿ ಹೊರಡುತ್ತದೆ, ಆರಕ್ಕೆ ಗೇಟಿನಲ್ಲಿ ಮೊದಲ ಸಾಲಿನಲ್ಲಿ ಇರಬೇಕು. ಮನೆಯ ಹಿರಿಯರು ಬರುವುದಿದ್ದರೆ, ತಿರುವಿನಲ್ಲಿ ಯಾರಿಗಾದರೂ ವಾಂತಿ ಆಗುವುದಿದ್ದರೆ ಮೊದಲೇ ಒಂದು ಮಾತು ಹೇಳಿ, ಮುಂದಿನ ಸೀಟು ಅವರಿಗೇ ಇಡುತ್ತೇವೆ.