ಭಾನುವಾರ ದೋಣಿ ಮಗುಚುವ ಕೆಲಸ, ಕೈ ಜೋಡಿಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಫೈಬರ್‌ಗ್ಲಾಸ್ ಮೋಟಾರ್ ದೋಣಿಯನ್ನು ಸರಿಮಾಡಿ ಬಣ್ಣ ಹೊಡೆಯಲು ಈ ಭಾನುವಾರ ಬೆಳಿಗ್ಗೆ 8 ಗಂಟೆಗೆ ಮಗುಚಿ ಹಾಕಬೇಕು, ಅದಕ್ಕೆ ಕನಿಷ್ಠ ಆರು ಜನ ಬೇಕೇ ಬೇಕು. ಇಂಜಿನ್, ಪೆಟ್ರೋಲ್ ಟ್ಯಾಂಕ್ ಶನಿವಾರವೇ ಇಳಿಸಿರುತ್ತೇವೆ.

ಮೊದಲು ಇಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡೋಣ, ಗಟ್ಟಿ ಸದ್ದು ಬರದೆ ಮಂಕಾಗಿ ಕೇಳಿಸಿದರೆ ಒಳಗಿನ ಮರ ನೀರು ಕುಡಿದು ಕೊಳೆತಿರುವ ಸಾಧ್ಯತೆ ಜಾಸ್ತಿ, ಅದನ್ನು ಸರಿಮಾಡದೆ ಮೇಲೆ ಬಣ್ಣ ಹೊಡೆದರೆ ಸುಮ್ನೆ ದುಡ್ಡು ದಂಡ ಅಲ್ವಾ. ಆಮೇಲೆ ಉಜ್ಜುವ ಕೆಲಸ. ಫೈಬರ್‌ಗ್ಲಾಸ್ ಧೂಳು ಮೈಗೂ ಉಸಿರಿಗೂ ಕೆಟ್ಟದ್ದು. ತುಂಬುತೋಳಿನ ಅಂಗಿ, ಕನ್ನಡಕ, ಧೂಳು ತಡೆಯುವ ಒಳ್ಳೆ ಮಾಸ್ಕ್ ತನ್ನಿ, ಬಟ್ಟೆ ಮಾಸ್ಕ್ ಸಾಲದು. ಒರೆಸಲು ಬಳಸುವ ಅಸಿಟೋನ್ ಬೇಗ ಬೆಂಕಿ ಹತ್ತುವ ದ್ರವ, ಅದರ ಹತ್ತಿರ ಸಿಗರೇಟ್ ದಯವಿಟ್ಟು ಬೇಡ.

ಮಳೆ ಬಂದರೆ ಮುಂದಿನ ವಾರ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಗ್ರೈಂಡರ್ ಇರುವವರು ಅದನ್ನೂ ತಿಳಿಸಿ.