ಲಕ್ವಕ್ಕೆ ಲಾಕ್‌ಡೌನ್ ಗೊತ್ತಿಲ್ಲ

ಸಂಪಾದಕರೇ,

2020ರ ಲಾಕ್‌ಡೌನ್‌ನಲ್ಲಿ ಬಹಳಷ್ಟು ಆಸ್ಪತ್ರೆಗಳಿಗೆ ಲಕ್ವ ಹೊಡೆದವರು ಬರುವುದೇ ಕಡಿಮೆಯಾಯಿತು. ಕಾಯಿಲೆ ಕಡಿಮೆಯಾಗಿತ್ತು ಅಂತಲ್ಲ, ಕೊರೊನಾ ಅಂಟೀತು ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಬಾಯಿ ಸೊಟ್ಟಗಾಗಿ, ಕೈಯಲ್ಲಿದ್ದ ಕಾಫಿ ಲೋಟ ಜಾರಿತು. ‘ಬೆಳಿಗ್ಗೆ ನೋಡೋಣ’ ಅಂದರು ಮನೆಯವರು. ಮೆದುಳಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ವ ಹೊಡೆದ 4.5 ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು. ಮರುದಿನ ಹೋದರೆ ‘ಮೊದಲು ಕೋವಿಡ್ ರಿಪೋರ್ಟ್ ತನ್ನಿ’ ಅಂದರಂತೆ! ಕೋವಿಡ್‌ನಿಂದಲೇ ಲಕ್ವ ಹೊಡೆಯುವುದೂ ಉಂಟು, ಅಲ್ವಾ? ಮುಂದೆ ಇಂಥ ಪಿಡುಗು ಬಂದರೆ ಜಿಲ್ಲಾಸ್ಪತ್ರೆಗಳಲ್ಲಿ ಲಕ್ವದವರಿಗೆ ಬೇರೆ ಬಾಗಿಲು ಇರಲಿ. ರಿಪೋರ್ಟ್‌ಗೆ ಕಾಯದೆ, ಪಿಪಿಇ ಕಿಟ್ ಹಾಕಿಕೊಂಡೇ ಸ್ಕ್ಯಾನ್, ಚಿಕಿತ್ಸೆ ಶುರು ಮಾಡಲಿ.

– ಓದುಗ, ಹಾಸನ